ಓದುಗರ ಪ್ರಶ್ನೆ: ಒಬ್ಬರೇ ಹಾಡಿದರೂ ಅದು ಕೂಟದ ಹಾಡು

ಕಳೆದ ಸಂಚಿಕೆಯಲ್ಲಿ ವಿಯೆನ್ನಾದ ಸಂಗೀತಗಾರ ಶೂಬರ್ಟ್‌ ಬಗ್ಗೆ ಬರೆಯುವಾಗ ಜರ್ಮನ್ ಪಾನಗೀತೆಗಳನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದು ಕೇಳಿವೆ. ನನಗಂತೂ ತುಂಬ ಖುಷಿಯಾಯಿತು. ಹಾಡುವವರ ಜೊತೆ ಪಿಯಾನೋ ನುಡಿಸುವುದು ನನ್ನ ಕೆಲಸ. ಹಾಗಾಗಿ ಈ ಉತ್ತರಗಳೂ ಪಿಯಾನೋ ಮುಂದೆ ಕೂತವಳ ಉತ್ತರಗಳೇ.

ಪ್ರಶ್ನೆ: ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದೇನೆ. ನಮ್ಮ ಟೀಚರ್ ಶೂಬರ್ಟ್‌ನ ‘ಟ್ರಿಂಕ್‌ಲೀಡ್’ ಕೊಟ್ಟಿದ್ದಾರೆ. ಹೆಸರಿನ ಅರ್ಥವೇ ಪಾನಗೀತೆ, ವೈನಿನ ದೇವರಾದ ಬಾಕಸ್‌ನನ್ನು ಕರೆಯುವ ಹಾಡು. ನಾನು ಕುಡಿಯುವವನಲ್ಲ, ಕುಡಿದವರ ಜೊತೆ ಕೂತವನೂ ಅಲ್ಲ. ಅಮಲು ಏರಿದವನ ಹಾಗೆ ಸ್ವಲ್ಪ ತೂರಾಡುತ್ತಾ, ನಾಲಿಗೆ ತೊದಲಿಸಿ ಹಾಡಬೇಕಾ?

ಉತ್ತರ: ಬೇಡ. ದಯವಿಟ್ಟು ಬೇಡ. ತೊದಲಿಸಿದರೆ ಹಾಡು ಅಲ್ಲೇ ಕುಸಿದುಬೀಳುತ್ತದೆ.

ಈ ಹಾಡಿನ ಮಾತುಗಳು ಎಲ್ಲಿಂದ ಬಂದವು ಅಂತ ಮೊದಲು ನೋಡೋಣ. ಅವು ಶೇಕ್ಸ್‌ಪಿಯರ್‌ನವು. ‘ಆಂಟನಿ ಮತ್ತು ಕ್ಲಿಯೋಪಾತ್ರ’ ನಾಟಕದ ಎರಡನೇ ಅಂಕದ ಏಳನೇ ದೃಶ್ಯ. ಪಾಂಪೆ ಎಂಬ ಸೇನಾನಿಯ ಹಡಗಿನಲ್ಲಿ ಔತಣ ನಡೆದಿದೆ. ರೋಮನ್ ಸಾಮ್ರಾಜ್ಯವನ್ನು ಹಂಚಿಕೊಂಡ ಮೂವರೂ ಅಲ್ಲಿ ಅತಿಥಿಗಳು: ಆಂಟನಿ, ಆಕ್ಟೇವಿಯಸ್ ಸೀಸರ್, ಲೆಪಿಡಸ್. ಲೆಪಿಡಸ್ ಆಗಲೇ ಮಿತಿಮೀರಿ ಕುಡಿದಿದ್ದಾನೆ, ಅವನನ್ನು ಹೊತ್ತುಕೊಂಡು ಹೋಗಿದ್ದಾರೆ. ಸೀಸರ್‌ಗೆ ಈ ಕುಡಿತವೇ ಇಷ್ಟವಿಲ್ಲ. ಇನ್ನೊಂದು ಕಡೆ ಮೀನಾಸ್ ಎಂಬ ಸಹಚರ ಪಾಂಪೆಯ ಕಿವಿಯಲ್ಲಿ ಪಿಸುಗುಟ್ಟಿದ್ದಾನೆ. ಹಗ್ಗ ಕತ್ತರಿಸಿ ಹಡಗನ್ನು ಕಡಲಿಗೆ ಬಿಡೋಣ, ಮೂವರ ಕತ್ತನ್ನೂ ಕೊಯ್ಯೋಣ, ಆಮೇಲೆ ಜಗತ್ತೆಲ್ಲ ನಿನ್ನದೇ ಅಂತ. ಪಾಂಪೆ ಒಪ್ಪಿಲ್ಲ. ಇಷ್ಟೆಲ್ಲ ಆದಮೇಲೆ ಆಂಟನಿಯ ಸಹಚರ ಎನೊಬಾರ್ಬಸ್ ಎಲ್ಲರ ಕೈಗೆ ಕೈ ಕೂಡಿಸಿ ನಿಲ್ಲಿಸುತ್ತಾನೆ. ಹಾಡು ಶುರುವಾಗುತ್ತದೆ.

ಹಾಡುವವನು ಯಾರು ಗೊತ್ತಾ? ಒಬ್ಬ ಹುಡುಗ. ಕುಡಿದವರಲ್ಲಿ ಯಾರೂ ಅಲ್ಲ. ಪಲ್ಲವಿ ಬಂದಾಗ ಮಾತ್ರ ಉಳಿದವರೆಲ್ಲ ಪಕ್ಕೆಲುಬಿಗೆ ಎಷ್ಟು ಶಕ್ತಿಯಿದೆಯೋ ಅಷ್ಟು ಜೋರಾಗಿ ಕೂಗಬೇಕು ಅಂತ ಎನೊಬಾರ್ಬಸ್ ಹೇಳಿದ್ದಾನೆ. ನೀವು ನಿಲ್ಲಬೇಕಾದ ಜಾಗ ಆ ಹುಡುಗನದು. ತಲೆ ನೆಟ್ಟಗಿರುವವನದು. ಎಲ್ಲರನ್ನೂ ಒಂದು ತಾಳಕ್ಕೆ ತರುವವನದು.

ಶೂಬರ್ಟ್ ಇದನ್ನು ಬರೆದದ್ದು 1826ರ ಜುಲೈನಲ್ಲಿ, ವೇರಿಂಗ್‌ನಲ್ಲಿ. ಇವತ್ತು ಅದು ವಿಯೆನ್ನಾ ನಗರದೊಳಗೇ ಸೇರಿಹೋಗಿದೆ, ಆಗ ಹೊರಗಿನ ಹಳ್ಳಿ. ಅವನಿಗೆ 29 ವರ್ಷ. ಶೇಕ್ಸ್‌ಪಿಯರ್‌ನದೇ ಇನ್ನೆರಡು ಹಾಡುಗಳಿಗೂ ಆ ತಿಂಗಳಲ್ಲೇ ಸಂಗೀತ ಕೊಟ್ಟ. ಒಂದು ಬೆಳಗಿನ ಬಾನಾಡಿಯದು, ಇನ್ನೊಂದು ಸಿಲ್ವಿಯಾಳದು. ಅವೆರಡೂ ಜಗತ್ಪ್ರಸಿದ್ಧವಾದವು. ನಿಮ್ಮ ಟ್ರಿಂಕ್‌ಲೀಡ್ ಅವುಗಳ ತಮ್ಮ, ಹೆಸರು ಅಷ್ಟು ಕೇಳಿಬರುವುದಿಲ್ಲ. ಹೋಟೆಲಿನ ತಿಂಡಿಪಟ್ಟಿಯ ಹಿಂದೆ ಶೂಬರ್ಟ್ ಬಾನಾಡಿಯ ಹಾಡು ಗೀಚಿದ ಅಂತ ಒಂದು ಕಥೆ ಓಡಾಡುತ್ತಿದೆ. ಚೆಂದದ ಕಥೆ, ಆದರೆ ಉಳಿದುಬಂದಿರುವುದು ಒಂದು ಪುಟ್ಟ ನೋಟ್‌ಬುಕ್. ಸ್ವರದ ಗೆರೆಗಳನ್ನು ಕೈಯಿಂದಲೇ ಎಳೆದಿದ್ದಾನೆ. ಈ ಹಾಡುಗಳೆಲ್ಲ ಅದರಲ್ಲೇ ಇವೆ.

ಈಗ ಹಾಡುವ ವಿಚಾರ. ಶೂಬರ್ಟ್ ಇಲ್ಲಿ ಗುಂಪಿನ ದನಿಗಳನ್ನು ಬರೆದಿಲ್ಲ. ಒಂದು ಕಂಠ, ಒಂದು ಪಿಯಾನೋ, ಅಷ್ಟೇ. ಹಾಗಾದರೆ ಪಲ್ಲವಿ ಕೂಗುವ ಆ ರೋಮನ್ನರೆಲ್ಲ ಎಲ್ಲಿಗೆ ಹೋದರು? ಪಿಯಾನೋದೊಳಗೆ ಬಂದು ಕೂತಿದ್ದಾರೆ. ಪಿಯಾನೋದ ಗಟ್ಟಿ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳನ್ನು ಕೇಳಿ, ಅವು ಮೇಜಿಗೆ ಗುದ್ದುವ ಮುಷ್ಟಿಗಳು. ಜಗತ್ತು ಗಿರ್ರನೆ ತಿರುಗುವ ತನಕ ನಮಗೆ ತುಂಬಿಸು ಅನ್ನುವ ಸಾಲು ಮತ್ತೆಮತ್ತೆ ಬರುತ್ತದಲ್ಲ, ಅಲ್ಲಿ ನೀವು ಒಬ್ಬರೇ ಹಾಡುತ್ತಿಲ್ಲ. ನಾನು ಈ ಹಾಡುಗಳಿಗೆ ನುಡಿಸುವಾಗ ಜೊತೆಗಾರಳ ಥರ ಹಿಂದೆ ನಿಲ್ಲುವುದೇ ಇಲ್ಲ. ಮೇಜಿನ ಆ ಕಡೆ ಕೂತ ಹತ್ತು ಜನರ ಥರ ಉತ್ತರ ಕೊಡುತ್ತೇನೆ. ನಿಮಗೆ ನುಡಿಸುವವರಿಗೂ ಇದನ್ನು ಹೇಳಿ.

ಹಾಡು ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮೊದಲು ಸ್ವರ ಬಿಟ್ಟು, ಮಾತುಗಳನ್ನಷ್ಟೇ ಗಟ್ಟಿಯಾಗಿ, ತಾಳ ಹಾಕಿಕೊಂಡು ಹೇಳಿ. ಪ್ರತಿ ಸಾಲಿನ ಕೊನೆಯ ವ್ಯಂಜನ ಕೇಳಿಸಬೇಕು. ಕೊನೆಯ ಸಾಲಿನ ‘ಡ್ರೇಟ್’ನಲ್ಲಿ ಆ ‘ಟ್’ ನುಂಗಿಹೋದರೆ ಮುಷ್ಟಿ ಮೇಜಿಗೆ ಬೀಳುವುದೇ ಇಲ್ಲ. ನಗು ಮುಖದಲ್ಲಿರಲಿ, ತೂರಾಟ ಬೇಡ.

ಪ್ರಶ್ನೆ: ನಾನು ಪಿಯಾನೋ ನುಡಿಸುವವಳು. ಶೂಬರ್ಟ್ ಚಿಕ್ಕ ವಯಸ್ಸಿನಲ್ಲಿ ಬರೆದ ಪಾನಗೀತೆಗಳಲ್ಲಿ ಪ್ರತಿ ಚರಣಕ್ಕೂ ಅದೇ ಸಂಗೀತ. ನಾಲ್ಕನೇ ಸಲ ಬರುವಷ್ಟರಲ್ಲಿ ನನಗೇ ಬೇಜಾರು. ಕೇಳುವವರ ಗತಿ ಏನು?

ಉತ್ತರ: ಈ ಹಾಡುಗಳಲ್ಲಿ ಹೆಚ್ಚಿನವು 1815ರವು. ಶೂಬರ್ಟ್‌ಗೆ ಆಗ 18. ಹಗಲೆಲ್ಲ ಅಪ್ಪನ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ. ಅದೇ ವರ್ಷ 140ರ ಆಸುಪಾಸು ಹಾಡು ಬರೆದ. ಅವುಗಳ ನಡುವೆ ಟ್ರಿಂಕ್‌ಲೀಡ್ ಅನ್ನುವ ಹೆಸರು ಮತ್ತೆಮತ್ತೆ ಬರುತ್ತದೆ. ಫೆಬ್ರವರಿಯಲ್ಲಿ ಸಂಗೀತ ಕೊಟ್ಟದ್ದು ಕವಿ ಕಾಸ್ಟೆಲ್ಲಿಯ ಪದ್ಯಕ್ಕೆ. ಅದರಲ್ಲಿ ಒಬ್ಬ ಟೆನರ್, ಅಂದರೆ ಮೇಲಿನ ದನಿಯ ಗಾಯಕ, ಹಾಡುತ್ತಾನೆ, ಗಂಡಸರ ಗುಂಪು ಉತ್ತರ ಕೊಡುತ್ತದೆ, ಪಿಯಾನೋ ಇಬ್ಬರನ್ನೂ ಹೊತ್ತು ನಡೆಯುತ್ತದೆ.

ಒಂದೇ ಸಂಗೀತ ಯಾಕೆ ಅಂದರೆ, ಕೂಡಿದವರೆಲ್ಲ ಎರಡನೇ ಚರಣದ ಹೊತ್ತಿಗೆ ಕಲಿತುಬಿಡಬೇಕು. ಮೂರನೇ ಸಲ ಅವರೂ ಸೇರಿಕೊಳ್ಳಬೇಕು. ಬದಲಾಗುವ ಸಂಗೀತವಾದರೆ ಅತಿಥಿಗಳು ಸುಮ್ನೆ ಕೂತು ಕೇಳಬೇಕಾಗುತ್ತದೆ. ಸಂಗೀತ ಹಾಗೇ ಇದ್ದರೂ ಕೂಟ ಹಾಗೇ ಇರುವುದಿಲ್ಲ, ಅಲ್ವಾ? ನೀವು ನುಡಿಸಬೇಕಾದದ್ದು ಆ ಬದಲಾವಣೆಯನ್ನು. ಮೊದಲ ಚರಣದಲ್ಲಿ ಎಡಗೈ ಹಗುರ, ಪೆಡಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಬ್ಬನೇ ಎದ್ದುನಿಂತಿದ್ದಾನೆ, ಉಳಿದವರು ಇನ್ನೂ ಮಾತಾಡುತ್ತಿದ್ದಾರೆ. ಎರಡನೆಯದರಲ್ಲಿ ಕೆಲವರು ತಿರುಗಿ ನೋಡುತ್ತಾರೆ, ಎಡಗೈಗೆ ಸ್ವಲ್ಪ ತೂಕ ಬರಲಿ. ಕೊನೆಯದರಲ್ಲಿ ಎಲ್ಲರೂ ಇದ್ದಾರೆ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಪಲ್ಲವಿ ಶುರುವಾಗುವ ಮುಂಚೆ ಜಾಗ ಬಿಡಿ. ಒಂದು ಕಂಠಕ್ಕೆ ಬೇಕಾದ ಉಸಿರಿಗಿಂತ ಒಂದು ಗುಂಪಿಗೆ ಬೇಕಾದ ಉಸಿರು ದೊಡ್ಡದು. ಆ ಕೂದಲೆಳೆಯಷ್ಟು ಹೊತ್ತು ಬಿಟ್ಟರೆ ಕೇಳುವವರೂ ತಮಗೇ ಗೊತ್ತಿಲ್ಲದೆ ಉಸಿರು ಎಳೆದುಕೊಳ್ಳುತ್ತಾರೆ. ಚರಣ-ಚರಣದ ಮಧ್ಯೆಯೂ ಓಡಬೇಡಿ. ಒಂದು ಗುಟುಕಿಗೆ ಸಮಯ ಬೇಕು.

ಇವತ್ತಿನ ಕಾನ್ಸರ್ಟ್ ಪಿಯಾನೋದಲ್ಲಿ ಎಡಗೈ ಕಾರ್ಡುಗಳು ದಪ್ಪಗೆ, ಗೊಜ್ಜಿನಂತೆ ಕೇಳಿಸುತ್ತವೆ ಅನ್ನಿಸಿದರೆ ಅದು ನಿಮ್ಮ ಕೈಯ ದೋಷವಲ್ಲ. ಆ ಕಾಲದ ವಿಯೆನ್ನಾ ಪಿಯಾನೋಗಳ ಚೌಕಟ್ಟು ಮರದ್ದು, ಸುತ್ತಿಗೆಗಳಿಗೆ ತೊಗಲು ಸುತ್ತಿರುತ್ತಿದ್ದರು. ಸ್ವರ ಬೇಗ ಆರಿಹೋಗುತ್ತಿತ್ತು. ಮಂದ್ರದ ಕಾರ್ಡು ಕೂಡ ಗರಿಗರಿಯಾಗಿ ಕೇಳಿಸುತ್ತಿತ್ತು. ಹಾಗಾಗಿ ಈಗಿನ ವಾದ್ಯದಲ್ಲಿ ಎಡಗೈಯ ಸ್ವರಗಳನ್ನು ಬರೆದಿರುವುದಕ್ಕಿಂತ ಸ್ವಲ್ಪ ಮೊಟಕಾಗಿ ಹಿಡಿಯಿರಿ. ಧೈರ್ಯವಾಗಿ ಮಾಡಿ.

ಪ್ರಶ್ನೆ: ಕುಡಿಯುವ ಹಾಡು ಅಂದಮೇಲೆ ಹೆಂಡದಂಗಡಿಯಲ್ಲಿ ಹಾಡಬೇಕಲ್ಲ? ಪಿಯಾನೋ ಇರುವ ಮನೆಗೆ ಯಾಕೆ ಬಂತು?

ಉತ್ತರ: ಅಂಗಡಿಯಲ್ಲೂ ಹಾಡುತ್ತಿದ್ದರು. ವಿಯೆನ್ನಾ ಸುತ್ತ ದ್ರಾಕ್ಷಿ ಬೆಳೆಯುವವರು ತಮ್ಮ ತೋಟದ ವೈನನ್ನು ತಾವೇ ಮಾರಬಹುದು ಅಂತ ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲೇ ಆಜ್ಞೆ ಹೊರಡಿಸಿದ್ದ. ಅಲ್ಲಿಂದ ‘ಹೊಯ್ರಿಗರ್’ ಅನ್ನುವ ಆ ತೋಟದಂಗಡಿಗಳು ಬೆಳೆದವು. ಆದರೆ 1819ರ ಕಾರ್ಲ್ಸ್‌ಬಾಡ್ ಕಟ್ಟಳೆಗಳು ಬಂದಮೇಲೆ ಯುವಕರು ಗುಂಪು ಕೂಡಿದರೆ ಪೊಲೀಸರಿಗೆ ಅನುಮಾನ. ವಿದ್ಯಾರ್ಥಿ ಸಂಘಗಳಿಗೆ ನಿಷೇಧ. ಒಟ್ಟಿಗೆ ಹಾಡಿದರೂ ಕಷ್ಟ, ‘ಸ್ವಾತಂತ್ರ್ಯ’ ಅಂತ ಗ್ಲಾಸು ಎತ್ತಿದರಂತೂ ಇನ್ನೂ ಕಷ್ಟ. 1820ರಲ್ಲಿ ಶೂಬರ್ಟ್‌ನ ಗೆಳೆಯ, ಕವಿ ಯೊಹಾನ್ ಸೆನ್ ಕೋಣೆಗೆ ಪೊಲೀಸರು ನುಗ್ಗಿದಾಗ ಶೂಬರ್ಟ್ ಅಲ್ಲೇ ಇದ್ದ. ಅವನಿಗೆ ಗದರಿಸಿ ಬಿಟ್ಟರು. ಸೆನ್‌ನನ್ನು ಒಂದು ವರ್ಷಕ್ಕೂ ಮೇಲೆ ಜೈಲಿನಲ್ಲಿಟ್ಟು, ಆಮೇಲೆ ವಿಯೆನ್ನಾದಿಂದಲೇ ಹೊರಗಟ್ಟಿದರು.

ಅಂಥ ಊರಿನಲ್ಲಿ ನಂಬಿಕೆಯವರ ಮನೆಯ ಪಿಯಾನೋ ಸುತ್ತ ಸೇರುವುದಕ್ಕೆ ಬೇರೆಯೇ ಬೆಲೆ. ಆ ಗೆಳೆಯರು ಗ್ಲಾಸು ಎತ್ತಿ ಹಾಡಿದ್ದನ್ನು ಬರೀ ಮೋಜು ಅಂತ ತಳ್ಳಿಹಾಕಲು ನನಗೆ ಆಗುವುದಿಲ್ಲ.

ಪ್ರಶ್ನೆ: ಬೇಥೋವನ್‌ನ ಒಂಬತ್ತನೇ ಸಿಂಫನಿಯಲ್ಲಿ ಬರುವ ಆನಂದದ ಹಾಡು ಮೂಲದಲ್ಲಿ ಪಾನಗೀತೆ ಅಂತ ಯಾರೋ ಹೇಳಿದರು. ನಿಜವಾ?

ಉತ್ತರ: ತುಂಬ ಮಟ್ಟಿಗೆ ನಿಜ. ಕವಿ ಶಿಲ್ಲರ್ 1785ರಲ್ಲಿ ಅದನ್ನು ಬರೆದದ್ದು ಗೆಳೆಯರ ಕೂಟಕ್ಕೆ. ಕಷ್ಟದಲ್ಲಿದ್ದ ಅವನನ್ನು ಕರೆಸಿಕೊಂಡು ಸಾಕಿದವನು ಗೆಳೆಯ ಕ್ಯೋರ್ನರ್. ಆ ಋಣದ ಬಿಸಿ ಪದ್ಯದ ತುಂಬ ಇದೆ. ಅಚ್ಚಾದಾಗ ಪ್ರತಿ ಚರಣದ ಕೆಳಗೆ ‘ಗುಂಪು’ ಹಾಡಬೇಕಾದ ಸಾಲುಗಳಿದ್ದವು. ತುಂಬಿದ ಬಟ್ಟಲು ಮೇಜಿನ ಸುತ್ತ ಬರುವಾಗ ಅಣ್ಣತಮ್ಮಂದಿರೇ ಎದ್ದುನಿಲ್ಲಿ, ನೊರೆ ಆಕಾಶಕ್ಕೆ ಚಿಮ್ಮಲಿ, ಈ ಗ್ಲಾಸು ನಕ್ಷತ್ರಗಳಾಚೆಯ ಒಳ್ಳೆಯ ಚೇತನಕ್ಕೆ ಅನ್ನುವ ಭಾಗವೇ ಇದೆ.

1824ರ ಮೇ 7ರಂದು ವಿಯೆನ್ನಾದಲ್ಲಿ ಸಿಂಫನಿ ಮೊದಲ ಸಲ ಕೇಳಿಬಂದಾಗ ಆ ಬಟ್ಟಲಿನ ಚರಣ ಅದರಲ್ಲಿರಲಿಲ್ಲ. ಬೇಥೋವನ್ ತನಗೆ ಬೇಕಾದಷ್ಟನ್ನೇ ಆರಿಸಿಕೊಂಡಿದ್ದ. ಆದರೂ ಪ್ರಕೃತಿ ನಮಗೆ ಮುತ್ತು ಕೊಟ್ಟಳು, ದ್ರಾಕ್ಷಿ ಬಳ್ಳಿ ಕೊಟ್ಟಳು ಅನ್ನುವ ಸಾಲು ಉಳಿದಿದೆ.

ಇಡೀ ಪದ್ಯವನ್ನು ಕೂಟದ ಹಾಡಾಗಿಯೇ ಕೇಳಬೇಕಾದರೆ ಮತ್ತೆ ಶೂಬರ್ಟ್ ಹತ್ತಿರವೇ ಹೋಗಬೇಕು. 1815ರ ಮೇ ತಿಂಗಳಲ್ಲಿ ಅವನು ಇದಕ್ಕೆ ಕಂಠ, ಪಿಯಾನೋ ಮತ್ತು ಪುಟ್ಟ ಗುಂಪಿಗೆ ಸಂಗೀತ ಕೊಟ್ಟಿದ್ದಾನೆ. ದೊಡ್ಡ ವಾದ್ಯವೃಂದದ ಗುಡುಗು ಇಲ್ಲಿಲ್ಲ. ಒಂದು ಕೋಣೆಯಲ್ಲಿ ಹಿಡಿಸುವಷ್ಟೇ ಜನ. ನನಗೆ ಅದೂ ಇಷ್ಟ.

ಪ್ರಶ್ನೆ: ಪಾನಗೀತೆಗಳೆಲ್ಲ ಹೀಗೆ ಉಲ್ಲಾಸದವೇನಾ? ದುಃಖದ್ದು ಇಲ್ಲವಾ?

ಉತ್ತರ: ಇದೆ. ನನ್ನ ಮಟ್ಟಿಗೆ ಈ ಇಡೀ ಬಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹಾಡು ದುಃಖದ್ದೇ. ಶೂಮನ್ ಸಂಗೀತ ಕೊಟ್ಟದ್ದು, ‘ತೀರಿಹೋದ ಗೆಳೆಯನ ಗ್ಲಾಸಿಗೆ’ ಅಂತ ಹೆಸರು. ಅವನ 35ನೇ ಕೃತಿಯಲ್ಲಿರುವ 12 ಹಾಡುಗಳಲ್ಲಿ ಆರನೆಯದು.

ಪದ್ಯ ಯುಸ್ಟಿನುಸ್ ಕೆರ್ನರ್‌ನದು. ಅವನು ವೈನ್ಸ್‌ಬೆರ್ಗ್ ಎಂಬ ದ್ರಾಕ್ಷಿತೋಟಗಳ ಪಟ್ಟಣದಲ್ಲಿ ಡಾಕ್ಟರ್ ಆಗಿದ್ದ. ಕೆಟ್ಟ ಸಾಸೇಜ್ ತಿಂದು ಜನ ಸಾಯುತ್ತಿದ್ದ ಕಾಯಿಲೆಯನ್ನು, ಈಗ ನಾವು ಬಾಟುಲಿಸಂ ಅನ್ನುವುದನ್ನು, 1820ರ ಹೊತ್ತಿಗೆ ಮೊದಲು ಸರಿಯಾಗಿ ವಿವರಿಸಿದವನು ಅವನೇ. ಆ ವಿಷವನ್ನು ತನ್ನ ಮೇಲೇ ಪ್ರಯೋಗಿಸಿ ನೋಡಿಕೊಂಡ. ಪಾನಗೀತೆಗಳನ್ನೂ ಬರೆದ. ಅದೇ ವೈನ್ಸ್‌ಬೆರ್ಗ್‌ನ ತಳಿ ಸಂಸ್ಥೆಯವರು 1929ರಲ್ಲಿ ರೀಸ್ಲಿಂಗ್ ಮತ್ತು ಟ್ರೊಲ್ಲಿಂಗರ್ ದ್ರಾಕ್ಷಿಗಳನ್ನು ಕೂಡಿಸಿ ಹೊಸ ತಳಿ ಬೆಳೆಸಿದರು, ಅದಕ್ಕೆ ‘ಕೆರ್ನರ್’ ಅಂತ ಅವನ ಹೆಸರನ್ನೇ ಇಟ್ಟರು. ಕವಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ನನಗೆ ಗೊತ್ತಿಲ್ಲ.

ಹಾಡಿನಲ್ಲಿ ಒಬ್ಬನೇ ಇದ್ದಾನೆ. ಎದುರಿಗೆ ಗೆಳೆಯ ಇಷ್ಟಪಟ್ಟು ಎತ್ತುತ್ತಿದ್ದ ಗ್ಲಾಸು, ಖಾಲಿ. ಜೇಡ ಅದರ ಸುತ್ತ ಸಾವಿನ ಮನೆಯ ಕಪ್ಪು ಬಟ್ಟೆಯಂತೆ ಬಲೆ ನೇಯ್ದಿದೆ. ಅವನು ಅದನ್ನು ತುಂಬಿಸುತ್ತಾನೆ. ಬೆಳದಿಂಗಳ ಬಣ್ಣದ ವೈನು. ತುಂಬಿಸಿ ಒಳಗೆ ಇಣುಕಿ ನೋಡುತ್ತಾನೆ. ಅಲ್ಲಿ ಏನು ಕಂಡಿತೋ ಹೇಳುವುದಿಲ್ಲ, ಎಲ್ಲರಿಗೂ ಹೇಳುವಂಥದ್ದಲ್ಲ ಅನ್ನುತ್ತಾನೆ. ಒಂದು ಮಾತ್ರ ಸ್ಪಷ್ಟವಾಯಿತು: ಗೆಳೆಯನನ್ನು ಗೆಳೆಯನಿಂದ ಯಾವುದೂ ಬೇರೆ ಮಾಡಲಾರದು. ಆ ನಂಬಿಕೆಯ ಮೇಲೆ ಕುಡಿದು ಮುಗಿಸುತ್ತಾನೆ. ಚಂದ್ರ ಕಣಿವೆಯ ಮೇಲೆ ಸಾಗುತ್ತಾನೆ, ನಡುರಾತ್ರಿಯ ಗಂಟೆ ಹೊಡೆಯುತ್ತದೆ, ಗ್ಲಾಸು ಮತ್ತೆ ಖಾಲಿ. ಅದರ ಸದ್ದು ಮಾತ್ರ ತಳದಲ್ಲಿ ಉಳಿದಿದೆ.

ಶೂಮನ್ ಇದನ್ನು ಬರೆದದ್ದು 1840ರ ಕೊನೆಯಲ್ಲಿ, ಲೈಪ್‌ಜಿಗ್‌ನಲ್ಲಿ. ಸೆಪ್ಟೆಂಬರ್‌ನಲ್ಲಷ್ಟೇ ಕ್ಲಾರಾಳ ಜೊತೆ ಮದುವೆಯಾಗಿತ್ತು, ಅದೂ ಅವಳ ಅಪ್ಪನ ವಿರುದ್ಧ ಕೋರ್ಟಿನಲ್ಲಿ ಹೋರಾಡಿ. ಬದುಕಿನ ಅತಿ ಸಂತೋಷದ ತಿಂಗಳುಗಳಲ್ಲಿ ಈ ಹಾಡು ಅವನಿಂದ ಹೇಗೆ ಬಂತೋ ಅಂತ ಪ್ರತಿ ಸಲವೂ ನನಗೆ ಆಶ್ಚರ್ಯ.

ಪಿಯಾನೋ ಇಲ್ಲಿ ಗುದ್ದುವುದಿಲ್ಲ, ಕುಣಿಯುವುದಿಲ್ಲ. ನಿಧಾನವಾದ ಕಾರ್ಡುಗಳಲ್ಲಿ ಹಾಡುವವನ ಜೊತೆಜೊತೆಗೇ ಹೆಜ್ಜೆ ಇಡುತ್ತದೆ, ಚರ್ಚಿನಲ್ಲಿ ಸಭೆ ಹಾಡುವ ಹಾಗೆ. ಸ್ವರಪುಸ್ತಕ ತೆರೆದು ಶುರುವನ್ನು ನೋಡಿ. ಬಲಗೈಯ ಮೇಲಿನ ಸ್ವರವೂ ಹಾಡುವವನ ಸ್ವರವೂ ಒಂದೇ. ಒಬ್ಬನೇ ಕೂತಿದ್ದಾನೆ, ಆದರೆ ಅವನ ಸ್ವರವನ್ನೇ ಇನ್ನೊಬ್ಬ ಹಿಡಿದು ಹಾಡುತ್ತಿದ್ದಾನೆ. ಮೊದಲ ಪ್ರಶ್ನೆಯಲ್ಲಿ ಪಿಯಾನೋದೊಳಗೆ ಹತ್ತು ಜನ ಕೂತಿದ್ದಾರೆ ಅಂದೆನಲ್ಲ, ಇಲ್ಲಿ ಒಬ್ಬನೇ ಇದ್ದಾನೆ. ಯಾರು ಅಂತ ನಿಮಗೂ ಗೊತ್ತು. ಹಾಗಾಗಿ ನುಡಿಸುವಾಗ ನನ್ನ ಮೇಲಿನ ಸ್ವರ ಹಾಡುವವರಿಗಿಂತ ಒಂದು ಕೂದಲು ಕಡಿಮೆ ಇರುವಂತೆ ನೋಡಿಕೊಳ್ಳುತ್ತೇನೆ. ಕೇಳಿಸಬೇಕು, ಆದರೆ ಎದ್ದು ಕಾಣಬಾರದು. ಹಾಡುವವರು ಅಳುವ ದನಿ ತರಲೇಬಾರದು. ಅವನು ಅಳುತ್ತಿಲ್ಲ. ಗೆಳೆಯನ ಜೊತೆ ಕುಡಿಯುತ್ತಿದ್ದಾನೆ.

ಇನ್ನೊಂದು ದುಃಖದ ಪಾನಗೀತೆ ಮಾಲರ್‌ನದು. ‘ಭೂಮಿಯ ಹಾಡು’ ಕೃತಿಯ ಮೊದಲ ಭಾಗ, ಭೂಮಿಯ ಸಂಕಟದ ಪಾನಗೀತೆ. 1908ರ ಬೇಸಿಗೆಯಲ್ಲಿ ಬರೆದದ್ದು. ಹಿಂದಿನ ವರ್ಷವಷ್ಟೇ ದೊಡ್ಡ ಮಗಳು ತೀರಿಹೋಗಿದ್ದಳು, ಅವನ ಹೃದಯಕ್ಕೆ ತೊಂದರೆಯಿದೆ ಅಂತ ಡಾಕ್ಟರ್ ಹೇಳಿದ್ದರು. ಪದ್ಯ ಚೀನಾದ ಲಿ ಬಾಯ್‌ನದು, ಹಾನ್ಸ್ ಬೆಟ್ಗೆ ಎಂಬ ಕವಿಯ ಜರ್ಮನ್ ರೂಪದಲ್ಲಿ. ಎಲ್ಲರೂ ವಾದ್ಯವೃಂದದ ಜೊತೆ ಕೇಳಿರುತ್ತಾರೆ, ಆದರೆ ಮಾಲರ್ ಬರೆದ ಪಿಯಾನೋ ರೂಪವೂ ಇದೆ. ಅದು ಅಚ್ಚಾದದ್ದು 1989ರಲ್ಲಿ.

ವೈನು ಬಂಗಾರದ ಬಟ್ಟಲಿನಲ್ಲಿದೆ, ಆದರೆ ಇನ್ನೂ ಕುಡಿಯಬೇಡಿ, ಮೊದಲು ನನ್ನ ಹಾಡು ಕೇಳಿ ಅಂತ ಶುರುವಾಗುತ್ತದೆ. ಬದುಕು ಕತ್ತಲು, ಸಾವೂ ಕತ್ತಲು ಅನ್ನುವ ಪಲ್ಲವಿ ಮೂರು ಸಲ ಬರುತ್ತದೆ. ಪ್ರತಿ ಸಲವೂ ಅರ್ಧ ಸ್ವರ ಮೇಲೆ. ಹಾಡುವವನ ಗಂಟಲು ಬಿಗಿಯುತ್ತಾ ಹೋಗುವುದು ನಮಗೂ ಗೊತ್ತಾಗುತ್ತದೆ. ಈಗ ಕುಡಿಯಿರಿ, ತಳದವರೆಗೂ ಬರಿದು ಮಾಡಿ ಅನ್ನುವ ಅಪ್ಪಣೆ ಸಿಗುವುದು ಕೊನೆಗೆ ಮಾತ್ರ.

ಪ್ರಶ್ನೆ: ನನ್ನದು ತುಂಬ ಕೆಳಗಿನ ಬೇಸ್ ದನಿ. ನನಗೆ ಯಾವುದು?

ಉತ್ತರ: ಲುಡ್ವಿಗ್ ಫಿಷರ್ 1802ರಲ್ಲಿ ಬರೆದ ‘ಆಳದ ನೆಲಮಾಳಿಗೆಯಲ್ಲಿ ಕೂತಿದ್ದೇನೆ’ ಅನ್ನುವ ಹಾಡು. ಫಿಷರ್ ಸ್ವತಃ ದೊಡ್ಡ ಬೇಸ್ ಗಾಯಕ. 1782ರಲ್ಲಿ ಮೊಟ್ಸಾರ್ಟ್ ತನ್ನ ಒಪೆರಾದ ಓಸ್ಮಿನ್ ಪಾತ್ರವನ್ನು ಅವನ ದನಿಗೆಂದೇ ಬರೆದಿದ್ದ. ಪೀಪಾಯಿಯ ಪಕ್ಕ ಒಬ್ಬನೇ ಕೂತು ಕುಡಿಯುವವನ ಹಾಡು ಇದು. ಕುಡಿಯುತ್ತೇನೆ, ಕುಡಿಯುತ್ತೇನೆ ಅನ್ನುವಾಗ ರಾಗ ಮೆಟ್ಟಿಲಿಳಿದು ನೆಲಮಾಳಿಗೆಗೇ ಹೋಗುತ್ತದೆ. ಕೊನೆಯ ಸ್ವರವನ್ನು ತಳ್ಳಬೇಡಿ, ತಾನಾಗಿ ಇಳಿಯಲಿ. ಇಳಿಯದಿದ್ದರೆ ಅರ್ಧ ಸ್ವರ ಮೇಲಿನ ಶ್ರುತಿಯ ಪ್ರತಿ ತೆಗೆದುಕೊಳ್ಳಿ.

ಪ್ರಶ್ನೆ: ಪದ್ಯಗಳಲ್ಲೆಲ್ಲ ‘ಅಣ್ಣತಮ್ಮಂದಿರೇ’ ಅಂತಲೇ ಇದೆ. ಹೆಣ್ಣುಮಕ್ಕಳು ಹಾಡಬಹುದಾ? ಹಾಡಬಹುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಹಾಡಿ. ಗೆಳೆತನ ಗಂಡಸರ ಸ್ವತ್ತಲ್ಲ. ಮಾತುಗಳನ್ನು ಬದಲಾಯಿಸುವ ಅಗತ್ಯವೂ ಇಲ್ಲ. ನಿಮ್ಮ ದನಿಗೆ ಒಗ್ಗುವ ಶ್ರುತಿಯ ಪ್ರತಿ ಹುಡುಕಿಕೊಳ್ಳಿ, ಹಾಡುಗಳನ್ನು ಮೇಲಿನ, ನಡುವಿನ, ಕೆಳಗಿನ ದನಿಗೆ ಅಂತ ಬೇರೆಬೇರೆಯಾಗಿಯೇ ಅಚ್ಚು ಹಾಕುತ್ತಾರೆ.

ಮೊದಲು ಶೂಮನ್‌ನ ಅದೇ 35ನೇ ಕೃತಿಯ ಮೂರನೇ ಹಾಡು ಕಲಿಯಿರಿ. ಅದೂ ಕೆರ್ನರ್ ಪದ್ಯವೇ. ಹೊಳೆಯುವ ವೈನು ಇನ್ನೊಂದು ಗುಟುಕು, ಆಮೇಲೆ ಎಲ್ಲರಿಗೂ ವಿದಾಯ ಹೇಳಿ ಹೊರಟೆ ಅನ್ನುವ ಹಾಡು. ನಡಿಗೆಯ ತಾಳ, ಉಸಿರಿಗೆ ಒಳ್ಳೆಯ ಅಭ್ಯಾಸ. ಅದು ಕೈಗೆ ಬಂದಮೇಲೆ ಹ್ಯೂಗೋ ವೋಲ್ಫ್ 1888ರಲ್ಲಿ ಬರೆದ ‘ಎಚ್ಚರಿಕೆಗಾಗಿ’ ನೋಡಿ. ರಾತ್ರಿ ಜಾಸ್ತಿ ಕುಡಿದ ಕವಿ ಬೆಳಿಗ್ಗೆ ತಲೆ ಭಾರ ಮಾಡಿಕೊಂಡು ಕಾವ್ಯದೇವಿಯನ್ನು ಒಂದು ಪದ್ಯ ಕೇಳುತ್ತಾನೆ, ಅವಳು ಅರ್ಥವಿಲ್ಲದ ಸಾಲುಗಳನ್ನು ಕೊಟ್ಟು ಕಳಿಸುತ್ತಾಳೆ. ಪಿಯಾನೋ ನುಡಿಸುವವರಿಗೂ ಅದರಲ್ಲಿ ಹಬ್ಬ. ಗ್ಲಾಸಿನ ಹಾಡನ್ನು ಇವೆರಡೂ ಆದಮೇಲೆ ತೆಗೆದುಕೊಳ್ಳಿ, ಮಾಲರ್‌ನದನ್ನು ಟೆನರ್‌ಗಳಿಗೆ ಬಿಟ್ಟುಬಿಡಿ.